ಬಣ್ಣ ಕಚ್ಚಿದ ನೀರು

ಮಗನ ಮೇಲೆ ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡು ಎದ್ದು ಹೋಗಬೇಕು ಎಂಬ ವಿದ್ಯೆ ಹನುಮಂತಯ್ಯನವರಿಗೆ ಎಪ್ಪತ್ತು ದಾಟಿದರೂ ಒಲಿದಿರಲಿಲ್ಲ. ಶನಿವಾರ ಸಂಜೆ, ದೊಡ್ಡಬಳ್ಳಾಪುರದ ಬಣ್ಣದವರ ಬೀದಿಯಲ್ಲಿ, ಭಜನೆ ಮನೆಯ ಜಗಲಿಯ ಮೇಲೆ ನಾಲ್ಕು ಜನರ ಎದುರು ಕೂತು ಅವರು ಆಡಿದ ಮಾತು ಇಷ್ಟೇ: "ನಮ್ಮ ಬಾವಿ ನೀರಲ್ಲಿ ಒಂದು ಚೂರು ದೋಷ ಕಂಡ್ರೆ, ಮಾರನೇ ದಿನಾನೇ ಮಣ್ಣು ಹಾಕಿ ಮುಚ್ಚಾಕೋ ಹೋಗೋ."

ಮಗ ಮುನಿಕೃಷ್ಣ ಎಷ್ಟೋ ಕಾಲದಿಂದ ಕಾದಿದ್ದದ್ದು ಈ ಮಾತಿಗೇ. ಹಿತ್ತಲಿನಲ್ಲಿ ಅವನ ಪವರ್‌ಲೂಮ್ ಷೆಡ್ಡು ಬೆಳೆದು ಬೆಳೆದು ಬಾವಿಯ ಕಟ್ಟೆಗೆ ಬಂದು ಮುಟ್ಟಿತ್ತು. ಬಾವಿಯೊಂದು ಇಲ್ಲದಿದ್ದರೆ ಇನ್ನೆರಡು ಮಗ್ಗ ಇಳಿಸಬಹುದು ಎಂಬ ಆಸೆ ಅವನದು. ಅವನೂ ಅಷ್ಟೇ ಜೋರಾಗಿ, ನೀರು ಶುದ್ಧ ಎಂದು ಬಂದರೆ ತಾನು ಬದುಕಿರುವ ತನಕ ಬಾವಿಯ ತಂಟೆಗೆ ಬರುವುದಿಲ್ಲ ಎಂದು ಮಾತು ಕೊಟ್ಟ. ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಬೀದಿಯ ಹಿರಿಯ ಆದಿನಾರಾಯಣಪ್ಪ, ಯಾರೂ ಕೇಳದಿದ್ದರೂ, ಇಬ್ಬರ ಮಾತಿಗೂ ತಾನೇ ಸಾಕ್ಷಿ ಎಂದರು. ಅವರು ಸಾಕ್ಷಿಯಾದರು ಎಂದಮೇಲೆ ಆ ಮಾತನ್ನು ಬ್ರಹ್ಮ ಬಂದರೂ ವಾಪಸ್ ತೆಗೆದುಕೊಳ್ಳುವಂತಿಲ್ಲ, ಯಾಕೆಂದರೆ ರಾತ್ರಿ ಊಟದ ಹೊತ್ತಿಗೆ ಅದು ಬೀದಿಯ ಕೊನೆಯ ಮನೆಗೂ ತಲುಪಿರುತ್ತದೆ.

ಇದಕ್ಕೆಲ್ಲ ಕಾರಣ ಮಾರನೆಯ ದಿನ ಬೀದಿಯಲ್ಲಿ ನಡೆಯಲಿದ್ದ ನೀರಿನ ಪರೀಕ್ಷೆ. ಪಕ್ಕದ ಮಧುರೆ ಹೋಬಳಿಯ ರೈತರ ಮನೆಯ ಹುಡುಗಿ ಸಿಂಧು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮನೆಮನೆಯ ನೀರು ನೋಡಲು ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು. ಪರೀಕ್ಷೆಯೆಂದರೆ ನಾಲಿಗೆಗೆ ಹಚ್ಚಿ ಸಿಹಿಯೋ ಉಪ್ಪೋ ಎಂದು ಹೇಳುವುದು ಎಂದೇ ಹನುಮಂತಯ್ಯನವರು ತಿಳಿದಿದ್ದರು. ಆ ಪರೀಕ್ಷೆಯಲ್ಲಿ ತಮ್ಮ ಬಾವಿಯನ್ನು ಸೋಲಿಸುವ ನೀರು ಇಡೀ ತಾಲ್ಲೂಕಿನಲ್ಲೇ ಇಲ್ಲ ಎಂಬುದು ಅವರ ಧೈರ್ಯ.

ಧೈರ್ಯ ಸುಮ್ಮನೆ ಬಂದದ್ದಲ್ಲ. ಒಂದು ಕಾಲಕ್ಕೆ ಆ ಬೀದಿಯಲ್ಲಿ ಮನೆಗೊಂದು ಬಾವಿ ಇತ್ತು. ಬೋರ್‌ವೆಲ್‌ಗಳು ಬಂದ ಮೇಲೆ ಒಂದೊಂದಾಗಿ ಎಲ್ಲವೂ ಬತ್ತಿದವು. ಕೆಲವಕ್ಕೆ ಕಸ ತುಂಬಿದರು, ಕೆಲವುಗಳ ಮೇಲೆ ಮನೆಯನ್ನೇ ಕಟ್ಟಿದರು. ಹನುಮಂತಯ್ಯನವರ ಬಾವಿಯೂ ಒಂದು ಬೇಸಿಗೆ ಬತ್ತಿತು. ಆ ವರ್ಷ ಅವರು ಬೇಸರ ತಡೆಯಲಾರದೆ ಯಾತ್ರೆಯ ಬಸ್ಸು ಹತ್ತಿ ಕಾಶಿಗೆ ಹೋಗಿ, ಒಂದು ತಂಬಿಗೆ ಗಂಗೆ ಹಿಡಿದು ಹಿಂದಿರುಗಿ ನೋಡುತ್ತಾರೆ, ಬಾವಿಯಲ್ಲಿ ನೀರು! ಅಂದಿನಿಂದ ಇಂದಿನವರೆಗೆ ಬತ್ತಿಲ್ಲ. ತಾನು ಬಸ್ಸಿನಲ್ಲಿ ಬರುವಷ್ಟರಲ್ಲಿ ಗಂಗಮ್ಮ ನೆಲದೊಳಗಿಂದಲೇ ಮುಂಚೆ ಬಂದಳು ಎಂದು ಅವರು ಬೀದಿಯವರಿಗೆಲ್ಲ ಹೇಳಿದ್ದರು. ಕರೆಂಟ್ ಮೀಟರ್ ನೋಡಲು ಬರುವವನಿಗೂ ಹೇಳಿದ್ದರು. ಅವನು ಈಗ ಆ ಮನೆಯ ಬಿಲ್ಲನ್ನು ಬಾಗಿಲಿಗೆ ಸಿಕ್ಕಿಸಿ ಓಡಿಹೋಗುತ್ತಾನೆ.

ಭಾನುವಾರ ಬೆಳಿಗ್ಗೆ ಸಿಂಧು ಭಜನೆ ಮನೆಯಲ್ಲಿ ಮೇಜು ಹಾಕಿಸಿ, ಬೆರಳುದ್ದದ ಗಾಜಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದಳು. ಒಂದೊಂದರ ತಳದಲ್ಲೂ ಒಂದು ಚಿಟಿಕೆ ಬಿಳಿ ಪುಡಿ. ಅದು ಪುಡಿಯಲ್ಲ, ಒಣಗಿಸಿ ಮಲಗಿಸಿದ ಬ್ಯಾಕ್ಟೀರಿಯಾ ಎಂದು ಅವಳು ವಿವರಿಸಿದಳು. ಪ್ರಯೋಗಶಾಲೆಯಲ್ಲಿ ಅವುಗಳ ಒಳಗನ್ನೇ ತಿದ್ದಿದ್ದಾರೆ. ನೀರು ಬಿದ್ದರೆ ಏಳುತ್ತವೆ. ಆ ನೀರಿನಲ್ಲಿ ಸೀಸ, ತಾಮ್ರ, ಕ್ರೋಮಿಯಂ ಇಂಥ ಲೋಹ ಹೆಚ್ಚಾಗಿದ್ದರೆ ಮೈಯೆಲ್ಲ ನೇರಳೆ ಬಣ್ಣ ಮಾಡಿಕೊಳ್ಳುತ್ತವೆ. ಅವು ಹೊರಗೆ ಹೋಗದಂತೆ ಕೊಳವೆಗೆ ಬಿಗಿಯಾದ ಮುಚ್ಚಳವಿದೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಇದೆ. ಅದನ್ನು ಸಾಬುದಾನಿಯಂಥ ಮಣಿಗಳೊಳಗೆ ಸೇರಿಸಿ ಬಲೆಯ ಚೀಲದಲ್ಲಿ ಕಟ್ಟಿದ್ದಾರೆ. ಕೆಟ್ಟ ನೀರಿಗೆ ಆ ಚೀಲ ಇಳಿಬಿಟ್ಟರೆ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಿವರಣೆ ಇಷ್ಟಕ್ಕೆ ಬಂದಿತ್ತೋ ಇಲ್ಲವೋ, ಕರೆಂಟ್ ಬಂತು. ಮಗ್ಗದ ಬೀದಿಯಲ್ಲಿ ತ್ರೀ ಫೇಸ್ ಬಂದಾಗ ಕೂತಿರುವವನು ಒಂದೋ ಕಾಯಿಲೆಯವನು, ಇಲ್ಲ ಸಾಲಗಾರರಿಗೆ ಹೆದರದವನು. ಸಭೆ ಒಂದೇ ಉಸಿರಿಗೆ ಎದ್ದು ಹೋಯಿತು. ಹೋಗುವವರೆಲ್ಲ ಒಂದೊಂದು ಖಾಲಿ ಶೀಶೆ ಎತ್ತಿಕೊಂಡು, ನೀರು ತುಂಬಿ ತರುತ್ತೇವೆ ಎಂದು ಹೇಳಿ ಹೋದರು. ನೀರಿಗೆ ಬಣ್ಣ ಬರುತ್ತದೆ ಎಂಬುದನ್ನು ಮಾತ್ರ ಎಲ್ಲರೂ ತಲೆಯಲ್ಲಿಟ್ಟುಕೊಂಡಿದ್ದರು. ಅದರ ಅರ್ಥವನ್ನು ಅವರಿಗೆ ಬೆಂಗಳೂರಿನಿಂದ ಬಂದವರು ಹೇಳಿಕೊಡಬೇಕಾಗಿರಲಿಲ್ಲ.

ಯಾಕೆಂದರೆ ಅದು ರೇಷ್ಮೆಗೆ ಬಣ್ಣ ಹಾಕಿ ಬದುಕಿದ ಬೀದಿ. ಒಳ್ಳೆಯ ನೀರಿಗೆ ಬಣ್ಣ ತಾನಾಗಿ ಕಚ್ಚುತ್ತದೆ, ಗಡಸು ನೀರಿಗೆ ಏನು ಮಾಡಿದರೂ ಕಚ್ಚುವುದಿಲ್ಲ ಎಂಬುದು ಅಲ್ಲಿ ಕೂಸುಗಳಿಗೂ ಗೊತ್ತು. ಹಿಂದೆ ಆ ಬೀದಿಗೆ ಹೆಣ್ಣು ಕೊಡುವವರು ಹುಡುಗನ ಜಾತಕ ಆಮೇಲೆ ಕೇಳುತ್ತಿದ್ದರು; ಮೊದಲು ಆ ಮನೆಯ ಬಾವಿಯಿಂದ ಒಂದು ತಂಬಿಗೆ ನೀರು ತರಿಸಿ, ಚಿಟಿಕೆ ಬಣ್ಣ ಕದಡಿ, ರೇಷ್ಮೆಯ ಲಡಿಯೊಂದನ್ನು ಅದ್ದಿ ನೋಡುತ್ತಿದ್ದರು. ಬಣ್ಣ ಗಾಢವಾದಷ್ಟೂ ಮನೆತನ ಗಟ್ಟಿ. ಹನುಮಂತಯ್ಯನವರ ಹೆಂಡತಿ ವರಲಕ್ಷ್ಮಮ್ಮನವರ ತಂದೆ ಹೀಗೆಯೇ ಅದ್ದಿ ನೋಡಿ, ಹುಡುಗನ ಮುಖ ಕೂಡ ನೋಡದೆ, ತಾಂಬೂಲ ಬದಲಾಯಿಸಿ ಹೋಗಿದ್ದರು. ಮುಖ ನೋಡಿದ್ದರೆ ಒಪ್ಪುತ್ತಿರಲಿಲ್ಲ ಎಂದು ವರಲಕ್ಷ್ಮಮ್ಮ ಈಗಲೂ ಹೇಳುವುದುಂಟು.

ಹೀಗಾಗಿ ಬೀದಿಯ ಪಾಲಿಗೆ ಇದು ಪಂದ್ಯ. ಯಾರ ಕೊಳವೆ ಹೆಚ್ಚು ಬಣ್ಣವಾಗುತ್ತದೋ ಅವರು ಗೆದ್ದ ಹಾಗೆ. ಮಗ್ಗದ ಕೆಲಸವೆಲ್ಲ ಮಗನದಾದ ಕಾರಣ ಕೂತೇ ಇದ್ದ ಹನುಮಂತಯ್ಯನವರೊಬ್ಬರಿಗೇ ವಿಷಯ ತಿರುಗುಮುರುಗಾಗಿದೆ ಎಂದು ಗೊತ್ತಾದದ್ದು. ಅವರು ಮೆಲ್ಲಗೆ ಸಿಂಧುವಿನ ಹತ್ತಿರ ಸರಿದು, ಈ ಲೋಹಗಳು ಬಾವಿಗೆ ಎಲ್ಲಿಂದ ಬರುತ್ತವೆ ಎಂದು ವಿಚಾರಿಸಿದರು.

"ಬ್ಯಾಟರಿಯಿಂದ ಬರುತ್ತೆ ತಾತ, ಪೇಂಟಿಂದ ಬರುತ್ತೆ. ನಿಮ್ಮಂಥೋರ ಬೀದೀಲಾದ್ರೆ ಹಳೇ ಬಣ್ಣದ ನೀರಿಂದ. ಬಣ್ಣ ಕಚ್ಚೋಕೆ ಅಂತ ಮೈಲುತುತ್ತ, ಕ್ರೋಮ್ ಎಲ್ಲ ಹಾಕ್ತಿದ್ರಲ್ಲ, ಅದು ಭೂಮೀಲಿ ಹಾಗೇ ಕೂತಿರುತ್ತೆ. ಎಷ್ಟು ವರ್ಷ ಆದ್ರೂ ಹೋಗಲ್ಲ."

ಹನುಮಂತಯ್ಯನವರು ಥಟ್ಟನೆ ಎದ್ದು ನಿಂತರು. ಅವರಪ್ಪ ಬಣ್ಣದ ಕಡಾಯಿಗಳನ್ನು ಇಟ್ಟುಕೊಂಡಿದ್ದದ್ದೇ ಬಾವಿಯ ಕಟ್ಟೆಯ ಪಕ್ಕದಲ್ಲಿ.

ಮನೆಯ ದಾರಿ ಹಿಡಿದರೂ ಅವರ ಕಣ್ಣೆದುರು ಈಗಿನ ಬೀದಿ ಇರಲಿಲ್ಲ. ಬೆಳಗಿನ ಜಾವಕ್ಕೇ ರಾಟೆಯ ಸದ್ದು, ಒಲೆಯ ಹೊಗೆ, ಸೊಂಟಕ್ಕೆ ಗೋಣಿ ಸುತ್ತಿಕೊಂಡು ಕಡಾಯಿಯಲ್ಲಿ ಕೋಲು ತಿರುವುವ ಅಪ್ಪ. ಅವರ ಮೊಣಕೈ ತನಕ ಯಾವಾಗಲೂ ಒಂದು ಬಣ್ಣ ಇರುತ್ತಿತ್ತು. ಅನ್ನ ಕಲಸುವ ಕೈ ಒಂದು ದಿನ ಹಸಿರು, ಇನ್ನೊಂದು ದಿನ ಕುಂಕುಮ. ಬೀದಿಯುದ್ದಕ್ಕೂ ಗಳಗಳ ಮೇಲೆ ಲಡಿಗಳು ತೂಗುತ್ತಿದ್ದವು, ಕೆಳಗೆ ಹಾದುಹೋಗುವ ದನದ ಬೆನ್ನ ಮೇಲೆ ನೇರಳೆ ಹನಿ. ಶಾಲೆಗೆ ಹೋದರೆ ಅಂಗಾಲು ನೋಡಿಯೇ ಮೇಷ್ಟರು ಬಣ್ಣದ ಬೀದಿಯವನು ಎಂದು ಹೇಳುತ್ತಿದ್ದರು. ಸಂಜೆ ಕಡಾಯಿ ತೊಳೆದ ನೀರನ್ನು ಅಪ್ಪ ಎಲ್ಲಿ ಚೆಲ್ಲುತ್ತಿದ್ದರು? ಅಲ್ಲೇ, ಕಟ್ಟೆಯ ಬುಡಕ್ಕೆ. ಎಷ್ಟು ಚಂದವಾಗಿ ಹರಿಯುತ್ತಿತ್ತು ಅದು ಎಂದು ನೆನೆಯಲು ಹೋಗಿ, ಹನುಮಂತಯ್ಯನವರು ನಡುಬೀದಿಯಲ್ಲಿ ನಿಂತುಬಿಟ್ಟರು. ಆ ನೀರೆಲ್ಲ ಇಳಿದು ಹೋದದ್ದು ಎಲ್ಲಿಗೆ ಎಂದು ಇಷ್ಟು ವರ್ಷ ಅವರು ಕೇಳಿಕೊಂಡೇ ಇರಲಿಲ್ಲ.

ಮನೆಗೆ ಬಂದು ವರಲಕ್ಷ್ಮಮ್ಮನ ಹತ್ತಿರ ಪರೀಕ್ಷೆಯ ವಿಷಯ ತೆಗೆದರೆ, ಆಕೆಯ ಮುಖವೂ ಬಾಡಿತು. ಬಾವಿಯ ನೀರು ಕೊಡುವುದೇ ಬೇಡ, ಹೊಟ್ಟೆನೋವು ಎಂದು ಹೇಳಿ ಮಲಗಿಬಿಡಿ ಎಂದಳು. ಅಯ್ಯೋ, ಇವಳಿಗೂ ಅನುಮಾನ ಬಂದಿದೆ ಎಂದುಕೊಂಡರು ಹನುಮಂತಯ್ಯನವರು. ಮಾತು ಮುಂದುವರಿಯುವ ಮುನ್ನ ಹಿತ್ತಲ ಬಾಗಿಲು ದೂಡಿಕೊಂಡು ಆದಿನಾರಾಯಣಪ್ಪ, ಅವರ ಹಿಂದೆ ಬೀದಿಯ ಹತ್ತಾರು ಜನ ಬಂದೇಬಿಟ್ಟರು. ಬೀದಿಗೆ ಉಳಿದಿರುವ ಒಂದೇ ಒಂದು ಬಾವಿ, ಅದರ ನೀರು ಪರೀಕ್ಷೆಗೆ ಹೊರಟಿದೆ, ಸುಮ್ಮನೆ ಕಳಿಸಿಕೊಡುವುದುಂಟೆ? ಆದಿನಾರಾಯಣಪ್ಪ ತಾವೇ ರಾಟೆಗೆ ಹಗ್ಗ ಹಾಕಿಕೊಟ್ಟರು. ಅಷ್ಟು ಕಣ್ಣುಗಳ ಎದುರಿಗೆ ಹನುಮಂತಯ್ಯನವರು ಬಿಂದಿಗೆ ಇಳಿಸಿ, ಸೇದಿ, ಶೀಶೆ ತುಂಬಿಸಬೇಕಾಯಿತು. ಯಾರೋ ಅದಕ್ಕೆ ಅರಿಶಿನ ಕುಂಕುಮ ಕೂಡ ಇಟ್ಟರು.

ಭಜನೆ ಮನೆಗೆ ಮೆರವಣಿಗೆ ಹೊರಟಿತು. ಹನುಮಂತಯ್ಯನವರ ಕಾಲು ಮುಂದಕ್ಕೆ, ಮನಸ್ಸು ಹಿಂದಕ್ಕೆ. ಈ ಶೀಶೆ ಸಿಂಧುವಿನ ಕೈ ಸೇರಿದರೆ ಸಂಜೆಯೊಳಗೆ ನೇರಳೆ, ನಾಳೆ ಬೆಳಿಗ್ಗೆ ಮಣ್ಣಿನ ಟ್ರ್ಯಾಕ್ಟರ್. ಪಕ್ಕದ ಮನೆ ಪಾಪಕ್ಕನ ಓಣಿ ಬಂದಾಗ ಅವರಿಗೆ ಒಂದು ಉಪಾಯ ಹೊಳೆಯಿತು. ಕಿರುಬೆರಳು ಎತ್ತಿ ತೋರಿಸಿ, ನೀವು ನಡೆಯಿರಿ, ಬಂದೆ ಎಂದು ಓಣಿಗೆ ನುಗ್ಗಿದರು.

ಪಾಪಕ್ಕನ ಹಿತ್ತಲಲ್ಲಿ ನಗರಸಭೆಯ ನಲ್ಲಿ. ಅಂದು ನೀರು ಬಿಡುವ ದಿನ. ಹನುಮಂತಯ್ಯನವರು ಅಕ್ಕಪಕ್ಕ ನೋಡಿ, ತಮ್ಮ ಪ್ರಾಣಕ್ಕೆ ಸಮಾನವಾದ ಬಾವಿಯ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದರು. ಸುರಿಯುವಾಗ, ತಪ್ಪಾಯ್ತು ಕಣಮ್ಮ ಎಂದು ಮನಸ್ಸಿನಲ್ಲೇ ಹೇಳಿಕೊಂಡರು. ಆಮೇಲೆ ನಲ್ಲಿ ತಿರುಗಿಸಿದರೆ, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಕೋಣದ ಹಾಗೆ ಗುಟುರು ಹಾಕಿ, ಶೀಶೆಗೆ ಸ್ವಲ್ಪ, ಪಂಚೆಗೆ ಬಹಳ ನೀರನ್ನು ಎರಚಿತು. ಆ ಸದ್ದಿಗೆ ಪಾಪಕ್ಕ ಹೊರಗೆ ಬಂದಳು.

ಪಾಪಕ್ಕನೂ ಬಣ್ಣದ ಮನೆಯ ಹೆಣ್ಣು. ಗಂಡ ತೀರಿಕೊಂಡ ಮೇಲೆ ಬೀದಿಯ ಸಂಸಾರಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ಹನುಮಂತಯ್ಯನವರು ಶೀಶೆ ಕೊಳೆಯಾಗಿತ್ತು, ತೊಳೆಯುತ್ತಿದ್ದೆ ಎಂದು ತೊದಲಿದರು. ಪಾಪಕ್ಕ ಶೀಶೆ ನೋಡಿದಳು, ನಲ್ಲಿ ನೋಡಿದಳು, ಕರಿಬೇವಿನ ಬುಡದಲ್ಲಿ ಇನ್ನೂ ಇಂಗುತ್ತಿದ್ದ ನೀರು ನೋಡಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದನ್ನು ಹನುಮಂತಯ್ಯನವರು ಕೆಮ್ಮು ಎಂದುಕೊಂಡರು.

"ಒದ್ದೆ ಪಂಚೇಲಿ ಎಲ್ಲಿಗೆ ಹೋಗ್ತೀಯಾ ಹನುಮಂತಣ್ಣ. ಕೊಡಿಲ್ಲಿ, ನಮ್ಮನೆ ಶೀಶೆ ಜೊತೆ ನಿಂದೂ ಕೊಟ್ಬಿಡ್ತೀನಿ. ನೀನು ಬಟ್ಟೆ ಬದಲಾಯಿಸ್ಕೊಂಡು ಬಾ."

ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಎಂದುಕೊಂಡು ಶೀಶೆ ಕೊಟ್ಟು ಹೊರಬಂದರೆ, ಓಣಿಯ ಬಾಯಲ್ಲೇ ಆದಿನಾರಾಯಣಪ್ಪ ಕಾದು ನಿಂತಿದ್ದರು. ಅವರ ದೃಷ್ಟಿ ನೇರವಾಗಿ ಪಂಚೆಯ ಒದ್ದೆಯ ಮೇಲೆ ಬಿತ್ತು. ಮುಖದಲ್ಲಿ ಕರುಣೆ ತುಂಬಿಕೊಂಡು ಹನುಮಂತಯ್ಯನವರ ಭುಜ ತಟ್ಟಿ, ನಾಚಿಕೆ ಬೇಡ, ವಯಸ್ಸಾದ ಮೇಲೆ ಎಲ್ಲರಿಗೂ ಇರುವುದೇ, ಹೊಸಕೋಟೆಯಲ್ಲಿ ಇದಕ್ಕೊಬ್ಬ ಒಳ್ಳೆಯ ಡಾಕ್ಟರಿದ್ದಾರೆ ಎಂದರು. ಅಲ್ಲ ಎಂದರೆ ನಲ್ಲಿಯ ಕಥೆ ಹೇಳಬೇಕು. ಹನುಮಂತಯ್ಯನವರು ಹೌದು ಎಂದು ತಲೆ ಆಡಿಸಿದರು. ಬಟ್ಟೆ ಬದಲಾಯಿಸಿ ಭಜನೆ ಮನೆ ತಲುಪುವಷ್ಟರಲ್ಲಿ ಒಬ್ಬರು ಮೆಂತ್ಯ ನೆನೆಸಿ ಕುಡಿಯಲು ಹೇಳಿದರು, ಇನ್ನೊಬ್ಬರು ಬಾರ್ಲಿ ಗಂಜಿ ಎಂದರು, ಕುರ್ಚಿಯಲ್ಲಿ ಕೂತಿದ್ದ ಒಬ್ಬ ಪುಣ್ಯಾತ್ಮ ಎದ್ದು, ಬಚ್ಚಲಿಗೆ ಹತ್ತಿರವಿರುವ ಆ ಕುರ್ಚಿಯನ್ನು ಅವರಿಗೇ ಬಿಟ್ಟುಕೊಟ್ಟ.

ಮಾನ ಹೋದರೂ ಬಾವಿ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಅವರು ಕೂತರು. ಸಿಂಧು ಎಲ್ಲರ ನೀರನ್ನೂ ಅಳೆದು ಕೊಳವೆಗಳಿಗೆ ಹಾಕಿ, ಮುಚ್ಚಿ, ಹೆಸರು ಅಂಟಿಸಿ ನಿಲ್ಲಿಸಿದ್ದಳು. ಮಧ್ಯಾಹ್ನದವರೆಗೆ ಎಲ್ಲ ಒಂದೇ ಸಮ. ಊಟದ ಹೊತ್ತು ಕಳೆದ ಮೇಲೆ ಆದಿನಾರಾಯಣಪ್ಪನವರ ಬೋರ್ ನೀರಿನ ಕೊಳವೆ, ನೋಡಿದರೆ ಕಾಣುವಷ್ಟು ತೆಳುವಾಗಿ, ನೇರಳೆಗೆ ತಿರುಗಿತು. ಅವರು ಶಲ್ಯ ಸರಿಪಡಿಸಿಕೊಂಡರು. ಬೀದಿ ಅವರನ್ನು ಅಭಿನಂದಿಸಿತು.

ಅದಾಗಿ ಸ್ವಲ್ಪ ಹೊತ್ತಿಗೆ ಹನುಮಂತಯ್ಯನವರ ಕೊಳವೆಗೆ ಬಣ್ಣ ಬಂತು. ಮೊದಲು ಅವರೆ ಹೂವಿನ ಬಣ್ಣ, ಆಮೇಲೆ ಬದನೆಕಾಯಿ, ಆಮೇಲೆ ಬಲಿತ ನೇರಳೆ ಹಣ್ಣು. ಅಂಥ ಬಣ್ಣ ಆ ಬೀದಿಯವರು ನೋಡಿ ಎಷ್ಟೋ ಕಾಲವಾಗಿತ್ತು. ಮಗ್ಗ ನಿಲ್ಲಿಸಿ ಜನ ಬಂದರು. ಮುದುಕರ ಕಣ್ಣಲ್ಲಿ ನೀರಾಡಿತು. ಇದು ನಿಮ್ಮಪ್ಪ ಹಾಕುತ್ತಿದ್ದ ಬಣ್ಣವೇ ಕಣಪ್ಪಾ, ಅದೇ ಪಕ್ಕಾ ನೇರಳೆ, ಈಗಿನ ಯಾವ ಸೀರೆಯಲ್ಲಿದೆ ಇದು ಎಂದರು. ಆದಿನಾರಾಯಣಪ್ಪ ತಮ್ಮ ಎರಡನೇ ಸ್ಥಾನವನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡು, ಆಂಜನೇಯನ ಪಟದಿಂದ ಹಾರ ತೆಗೆದು ಹನುಮಂತಯ್ಯನವರ ಕೊರಳಿಗೆ ಹಾಕಿದರು.

ಹಾರದ ಒಳಗೆ ಹನುಮಂತಯ್ಯನವರು ಬೆವರುತ್ತಿದ್ದರು. ಅದೇ ನಲ್ಲಿಯ ನೀರು ತುಂಬಿದ ಪಾಪಕ್ಕನ ಕೊಳವೆ ತಿಳಿಯಾಗಿದೆ. ತಮ್ಮದು ಮಾತ್ರ ಹೀಗಾಗಿದೆ. ಹಾಗಾದರೆ ಅರ್ಥ ಒಂದೇ: ಶೀಶೆಯನ್ನು ಸರಿಯಾಗಿ ತೊಳೆದಿರಲಿಲ್ಲ, ತಳದಲ್ಲಿ ಬಾವಿಯ ನಾಲ್ಕು ತೊಟ್ಟು ಉಳಿದಿತ್ತು. ನಾಲ್ಕು ತೊಟ್ಟಿಗೇ ಇಷ್ಟಾದರೆ ಬಾವಿಯ ಗತಿ ಏನು? ತಾನು ದಿನಾ ಸೇದಿ ಹೆಂಡತಿಗೆ, ಮಗನಿಗೆ, ಸೊಸೆಗೆ ಕುಡಿಸಿದ್ದು ಇದನ್ನೇ? ಅಪ್ಪನ ಕೈಯ ಆ ಬಣ್ಣಗಳನ್ನು ನೆನೆದು ಜೀವಮಾನವೆಲ್ಲ ಹಿಗ್ಗಿದ್ದರು. ಮೊದಲ ಸಲ ಅವರಿಗೆ ಆ ನೆನಪು ಬೇಡವಾಯಿತು. ಅವರಿಗೆ ಅತ್ತುಬಿಡಬೇಕು ಅನ್ನಿಸಿತು. ಅವರ ಮುಖ ನೋಡಿ ಬಚ್ಚಲ ಬಾಗಿಲು ಯಾರೋ ತೆರೆದಿಟ್ಟರು.

ಸಿಂಧು ಚಪ್ಪಾಳೆಗಳೆಲ್ಲ ನಿಲ್ಲುವ ತನಕ ಕಾದು, ಬಣ್ಣ ಬಂದರೆ ನೀರು ಕೆಟ್ಟಿದೆ ಎಂದು ಬೆಳಿಗ್ಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ, ಲೋಹ ಹಳೆಯ ಬಣ್ಣದಿಂದಲೂ ಬ್ಯಾಟರಿಯಿಂದಲೂ ಬರುತ್ತದೆ ಎಂದಳು. ಆದಿನಾರಾಯಣಪ್ಪ ತಮ್ಮ ಬೋರಿನ ಪಕ್ಕದಲ್ಲೇ ಹಳೆಯ ಬ್ಯಾಟರಿಗಳ ಗುಡ್ಡೆ ಹಾಕಿಕೊಂಡಿದ್ದನ್ನು ನೆನೆದು ಮೆಲ್ಲಗೆ ಹಿಂದಿನ ಸಾಲಿಗೆ ಸರಿದರು. ಮುನಿಕೃಷ್ಣನಿಗೆ ಗೆದ್ದ ಖುಷಿ ಬರಲಿಲ್ಲ. ಆದರೂ ಮಾತು ಮಾತೇ. ನಾಳೆ ಟ್ರ್ಯಾಕ್ಟರಿಗೆ ಹೇಳುತ್ತೇನೆ ಎಂದು ಮೊಬೈಲು ತೆಗೆದ.

"ನಿಂತ್ಕೊಳಪ್ಪಾ ಮುನಿಕೃಷ್ಣ," ಎಂದು ಪಾಪಕ್ಕ ಗುಂಪು ಸೀಳಿಕೊಂಡು ಬಂದಳು. "ನಿಮ್ಮಪ್ಪನ ಶೀಶೆಗೆ ಮೈಲುತುತ್ತ ಹಾಕಿದ್ದು ನಾನು. ನಮ್ಮೆಜಮಾನ್ರ ಕಾಲದ್ದು ಅಟ್ಟದ ಮೇಲಿತ್ತು. ಬಣ್ಣ ಚೆನ್ನಾಗಿ ಕಚ್ಚಲಿ ಅಂತ ಒಂದು ಹರಳು ಹಾಕ್ದೆ. ತಪ್ಪಾಯ್ತು."

ಮೈಲುತುತ್ತ ಎಂದರೆ ತಾಮ್ರವೇ ಅಲ್ಲವೇ ಎಂದು ಸಿಂಧು ಹಣೆ ಚಚ್ಚಿಕೊಂಡಳು. ಹನುಮಂತಯ್ಯನವರಿಗೆ ಮಾತ್ರ ಎದೆಯ ಮೇಲಿಂದ ಚಪ್ಪಡಿ ಕಲ್ಲು ಇಳಿಸಿದ ಹಾಗಾಯಿತು. ಆ ಸಂತೋಷದಲ್ಲಿ ನಾಲಿಗೆಯ ಮೇಲೆ ಹಿಡಿತ ತಪ್ಪಿತು.

"ಹಂಗಾದ್ರೆ ಅದು ಬಾವಿ ನೀರಿನ ದೋಷ ಅಲ್ಲ ಬಿಡು. ಬರೀ ನಲ್ಲಿ ನೀರಿಗೆ ನಿನ್ನ ಮೈಲುತುತ್ತ ಸೇರಿ ಹಿಂಗಾಗಿರೋದು."

ಆಡಿದ ಮೇಲೆ ಗೊತ್ತಾಯಿತು ಏನು ಆಡಿದೆ ಎಂದು. ಇಡೀ ಬೀದಿ ಅವರ ಕಡೆ ತಿರುಗಿತ್ತು. ಎಳೆ ಎಳೆಯಾಗಿ ಎಲ್ಲ ಹೊರಗೆ ಬಂತು: ಅಪ್ಪನ ಕಡಾಯಿ, ಕರಿಬೇವಿನ ಗಿಡ, ನಲ್ಲಿ, ಪಂಚೆ. ಆದಿನಾರಾಯಣಪ್ಪ, ಹಾಗಾದರೆ ಡಾಕ್ಟರಿಗೆ ತಾನು ಫೋನು ಮಾಡಿದ್ದು ದಂಡವಾಯಿತೇ ಎಂದು ಕೇಳಿದರು. ಹಾರವನ್ನು ಯಾರೋ ಸದ್ದಿಲ್ಲದೆ ತೆಗೆದು ಪಟಕ್ಕೆ ಮರಳಿಸಿದರು. ಸಿಂಧುವಿಗೆ ನಗು ಬಂದರೂ ತಡೆದುಕೊಂಡು, ಇನ್ನು ಯಾರ ಕೈಯ ನೀರೂ ಬೇಡ, ಬಾವಿಯಿಂದ ತಾನೇ ತೆಗೆದುಕೊಳ್ಳುತ್ತೇನೆ ಎಂದು ಎದ್ದಳು.

ಬೀದಿಯೇ ಹಿತ್ತಲಲ್ಲಿ ನೆರೆಯಿತು. ಕಟ್ಟೆಯ ಹತ್ತಿರ ವರಲಕ್ಷ್ಮಮ್ಮ ಅಡ್ಡ ನಿಂತು, ಸಂಜೆಯಾಯಿತು, ಇನ್ನೊಂದು ದಿನ ಮಾಡಿದರಾಯಿತು ಎಂದು ಹೇಳಿ ನೋಡಿದಳು. ಯಾರೂ ಕೇಳಲಿಲ್ಲ. ಮೇಲಿನ ನೀರು ಒಂದು ಥರ, ತಳದ ನೀರು ಒಂದು ಥರ ಇರುತ್ತದೆ, ಲೋಹವೆಲ್ಲ ಕೆಸರಿನಲ್ಲಿ ಕೂತಿರುತ್ತದೆ ಎಂದು ಹೇಳುತ್ತಾ ಸಿಂಧು ಆಳ ನೋಡಲು ಭಾರದ ಗುಂಡೊಂದಕ್ಕೆ ದಾರ ಕಟ್ಟಿ ಒಳಗೆ ಬಿಟ್ಟಳು. ಹನುಮಂತಯ್ಯನವರು ಕಣ್ಣು ಮುಚ್ಚಿಕೊಂಡು ಅಪ್ಪನನ್ನು ನೆನೆದರು. ದಾರ ಸರಸರನೆ ಇಳಿಯಿತು. ಗುಂಡು ಕೆಸರಿನಲ್ಲಿ ಹೂತುಕೊಳ್ಳಲಿಲ್ಲ. ಟಕ್ ಎಂದಿತು.

ಸಿಂಧು ಎತ್ತಿ ಇನ್ನೊಮ್ಮೆ ಬಿಟ್ಟಳು. ಮತ್ತೆ ಟಕ್.

"ತಾತ, ಕೆಳಗಡೆ ಏನೋ ಗಟ್ಟಿ ಇದೆ. ಬಂಡೆನಾ?"

ಹನುಮಂತಯ್ಯನವರು ಉತ್ತರ ಕೊಡುವ ಮೊದಲು ವರಲಕ್ಷ್ಮಮ್ಮ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಂಡೆ ಅಲ್ಲ ಕಣಮ್ಮ, ಸಿಮೆಂಟು. ನಾನೇ ಹಾಕ್ಸಿದ್ದು."

ಗಂಡ ಕಾಶಿಗೆ ಹೋದಾಗ, ಮಗ ನೂಲು ತರಲು ಸೂರತ್‌ಗೆ ಹೋಗಿದ್ದಾಗ, ಪಾಪಕ್ಕನ ಕಡೆಯ ಗಾರೆಯವನನ್ನು ಇಳಿಸಿ ಒಣಗಿದ ಬಾವಿಗೆ ತಳ ಹಾಕಿಸಿ, ಸುತ್ತ ಗೋಡೆಗೂ ಗಾರೆ ಬಳಿಸಿ, ಪಾಪಕ್ಕನ ಹಿತ್ತಲ ನಲ್ಲಿಯಿಂದ ಪೈಪು ಎಳೆದು ನೀರು ತುಂಬಿಸಿದ್ದಳು. ಅಲ್ಲಿಂದೀಚೆಗೆ ನೀರು ಬಿಟ್ಟ ದಿನವೆಲ್ಲ, ಮಗ ಏಳುವ ಮುಂಚೆ, ತುಂಬಿಸುತ್ತಲೇ ಬಂದಿದ್ದಾಳೆ. ಕಾಶಿಯ ಗಂಗಮ್ಮ ನೆಲದೊಳಗಿಂದ ಬಂದಿರಲಿಲ್ಲ. ನಗರಸಭೆಯ ಪೈಪಿನಲ್ಲಿ ಬಂದಿದ್ದಳು.

"ಬಾವಿ ಬತ್ತಿದ ವರ್ಷ ನೀವು ಹೆಂಗಿದ್ರಿ ಅಂತ ನಿಮಗೇನು ಗೊತ್ತು," ಎಂದಳು ಗಂಡನ ಕಡೆ ನೋಡದೆ. "ಅನ್ನ ಬಿಟ್ರಿ. ಇದೇ ಕಟ್ಟೆ ಮೇಲೆ ಕೂತು ಮಾವನೋರ ಹೆಸರು ಹೇಳ್ಕೊಂಡು ಅಳ್ತಿದ್ರಿ. ವಾಪಸ್ ಬಂದಾಗ ಸಂಪು ಅಂತ ಹೇಳ್ಬಿಡೋಣ ಅಂತಾನೇ ಇದ್ದೆ. ನೀವು ಒಳಗೆ ಇಣುಕಿ ನೋಡಿ ಮಗು ಥರ ಕುಣಿದ್ಬಿಟ್ರಿ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ವಾಕಿಂಗ್ ಹೋದ್ರೆ ಮಂಡಿಗೆ ಒಳ್ಳೇದು ಅಂತ ನಿಮ್ಮನ್ನ ಕಳಿಸ್ತಿದ್ದದ್ದು ಮಂಡಿಗಲ್ಲ. ಅದು ನೀರು ಬಿಡೋ ದಿನ."

ಪಾಪಕ್ಕನಿಗೆ ಈಗ ತನ್ನದೂ ಹೇಳಿಕೊಳ್ಳಬೇಕಿತ್ತು. ಹನುಮಂತಣ್ಣ ನಲ್ಲಿಯ ನೀರನ್ನು ಚೆಲ್ಲಿ ನಲ್ಲಿಯ ನೀರನ್ನೇ ತುಂಬಿಸಿಕೊಳ್ಳುತ್ತಿದ್ದದ್ದನ್ನು ನೋಡಿ ತಾನು ಹೇಗೆ ನಗು ತಡೆದೆನೋ ಆ ದೇವರಿಗೇ ಗೊತ್ತು ಎಂದಳು. ತನ್ನ ಮನೆಯ ಶೀಶೆ, ಬಾವಿಯ ಶೀಶೆ ಎರಡೂ ಒಂದೇ ಥರ ಆದರೆ ಗುಟ್ಟು ರಟ್ಟಾಗುತ್ತದೆ ಎಂದು ಹೆದರಿ ಬೇರೆ ಕಾಣಲಿ ಎಂದು ಮೈಲುತುತ್ತ ಹಾಕಿದ್ದಳು. ಹೇಗೂ ಬಣ್ಣ ಬಂದರೆ ಗೆಲುವು ಎಂದಿದ್ದರಲ್ಲ.

ಹನುಮಂತಯ್ಯನವರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿ ಎಂದು ಸ್ವಲ್ಪ ಹೊತ್ತು ಕಾದರು. ಅದರ ಬದಲು, ಮಂಜು ಬೀಳುವ ಬೆಳಗಿನ ಜಾವದಲ್ಲಿ ಪೈಪು ಎಳೆದುಕೊಂಡು ಹಿತ್ತಲಿಗೆ ಬರುವ ವರಲಕ್ಷ್ಮಮ್ಮ ಕಣ್ಣಿಗೆ ಕಂಡಳು. ಇವಳ ಮಂಡಿಯೂ ನೋಯುತ್ತಿತ್ತಲ್ಲ ಎನ್ನಿಸಿ ಅವರಿಗೆ ಅವಳ ಮೇಲೆ ಬಹಳ ಪ್ರೀತಿ ಬಂತು. ಇಷ್ಟು ವರ್ಷ ಬೀದಿಗೆಲ್ಲ ಗಂಗಮ್ಮ ಗಂಗಮ್ಮ ಎಂದು ಸಾರಿದ್ದು ಈ ಗಂಗಮ್ಮನನ್ನು. ಅಪ್ಪನ ಬಣ್ಣ ಬಾವಿಗೆ ಇಳಿದಿತ್ತೋ ಇಲ್ಲವೋ ಎಂಬುದನ್ನು ಕೇಳಿದಾಗ ಸಿಂಧು, ಅದು ಗೊತ್ತಾಗಬೇಕಾದರೆ ತಳ ಒಡೆದು ಮಣ್ಣು ತೆಗೆಯಬೇಕು ತಾತ ಎಂದಳು. ಅಲ್ಲೇ ಇರಲಿ ಬಿಡಮ್ಮ ಎಂದರು ಅವರು.

ಪರೀಕ್ಷೆ ಮಾತ್ರ ಆಗಲೇಬೇಕಿತ್ತು, ಯಾಕೆಂದರೆ ಸಾಕ್ಷಿ ಅಲ್ಲೇ ನಿಂತಿದ್ದರು. ಮಾರನೆಯ ಬೆಳಿಗ್ಗೆ ಕೊಳವೆ ನೋಡಿದರೆ ಮಳೆಯ ನೀರಿನಷ್ಟು ತಿಳಿ. ನೀರು ಶುದ್ಧವಾದರೆ ಬಾವಿಯ ತಂಟೆಗೆ ಬರುವುದಿಲ್ಲ ಎಂದು ಮುನಿಕೃಷ್ಣ ಹೇಳಿದ್ದ. ಆ ನೀರು ಬಾವಿಯದೇ ಆಗಿರಬೇಕು ಎಂದು ಹೇಳಿರಲಿಲ್ಲ. ಆದಿನಾರಾಯಣಪ್ಪ ಹನುಮಂತಯ್ಯನವರ ಪರವಾಗಿ ತೀರ್ಪು ಕೊಟ್ಟು ತಮ್ಮ ಮನೆಗೆ ಓಡಿದರು. ಅಲ್ಲಿ ಸಿಂಧು ಬ್ಯಾಟರಿಗಳನ್ನೆಲ್ಲ ತೆಗೆಸಿ, ಅವರ ಬೋರಿನ ನೀರು ತುಂಬುವ ತೊಟ್ಟಿಗೆ ಬ್ಯಾಕ್ಟೀರಿಯಾದ ಮಣಿಗಳ ಚೀಲ ಇಳಿಬಿಡುತ್ತಿದ್ದಳು. ಇಡೀ ಬೀದಿಯಲ್ಲಿ ಅಂಥ ಚೀಲ ಸಿಕ್ಕಿದ್ದು ತಮಗೊಬ್ಬರಿಗೇ ಎಂದು ಅವರು ಆಗಲೇ ಹೇಳಿಕೊಳ್ಳಲು ಶುರುಮಾಡಿದ್ದರು.

ಹೀಗೆ ಹನುಮಂತಯ್ಯನವರು ಪಂದ್ಯ ಗೆದ್ದರು. ಗೆದ್ದ ದಿನವೇ ವರಲಕ್ಷ್ಮಮ್ಮ ಪೈಪಿನ ಸುರುಳಿಯನ್ನು ತಂದು ಅವರ ಮುಂದೆ ಹಾಕಿ, ಗುಟ್ಟು ಇದ್ದಷ್ಟು ದಿನ ನಾನು ಹಿಡಿದೆ, ಇನ್ನು ನಿಮ್ಮ ಬಾವಿ, ನಿಮ್ಮ ಪೈಪು ಎಂದು ಒಳಗೆ ಹೋಗಿ ಮಲಗಿದಳು.

ಈಗ ನೀರು ಬಿಡುವ ದಿನ ಕೋಳಿ ಕೂಗುವ ಮುಂಚೆ ಎದ್ದು, ಸ್ವೆಟರು ಹಾಕಿಕೊಂಡು, ನಲ್ಲಿಯಿಂದ ಬಾವಿಯ ತನಕ ಪೈಪು ಎಳೆಯುವವರು ಹನುಮಂತಯ್ಯನವರು. ತುಂಬಿದ ಮೇಲೆ ಪೈಪು ಸುತ್ತಿಟ್ಟು, ರಾಟೆಗೆ ಹಗ್ಗ ಹಾಕಿ, ಬಿಂದಿಗೆ ಇಳಿಸಿ, ಏದುಸಿರು ಬಿಡುತ್ತಾ ಅದೇ ನೀರನ್ನು ಮೇಲಕ್ಕೆ ಸೇದುತ್ತಾರೆ. ಒಂದು ದಿನ ಗೋಡೆಯಾಚೆಯಿಂದ ಪಾಪಕ್ಕ ತಡೆಯಲಾರದೆ, ಪೈಪಿನ ಬಾಯಿಗೇ ಬಿಂದಿಗೆ ಹಿಡಿದರೆ ಆಗುವುದಿಲ್ಲವೇ ಎಂದು ಕೇಳಿದಳು.

ಹನುಮಂತಯ್ಯನವರು ಹಗ್ಗ ಬಿಡದೆ ಅವಳ ಅಜ್ಞಾನಕ್ಕೆ ಮರುಗಿದರು.

"ನಲ್ಲಿ ನೀರು ಯಾರು ಕುಡೀತಾರೆ ಪಾಪಕ್ಕ. ಬಾವೀಲಿ ಒಂದು ಸಲ ಇದ್ದು ಬಂದ್ರೆ ಅದರ ರುಚೀನೇ ಬೇರೆ."

ಪಾಪಕ್ಕ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಖಾಲಿ ಬಿಂದಿಗೆಯೊಂದನ್ನು ತಂದು ಗೋಡೆಯ ಮೇಲಿಟ್ಟು, ಹಾಗಾದರೆ ನನಗೂ ಒಂದು ಸೇದಿಕೊಡಣ್ಣ ಎಂದಳು.